ಹಳೆಯ ಮನೆಯ ಗೋಡೆಯೂ ಕುಟುಂಬದ ಕ್ಷೇಮವೂ

ಕುಟುಂಬದ ಆರೋಗ್ಯವೆಂದೊಡನೆ ಲಸಿಕೆ, ಶುದ್ಧವಾದ ನೀರು, ಪೌಷ್ಟಿಕ ಆಹಾರ ಇವು ತಮ್ಮ ನೆನಪಿಗೆ ಬರುತ್ತವೆ. ತಾವು ಮಲಗುವ ಕೋಣೆಯ ಗೋಡೆಯನ್ನು ಈ ಪಟ್ಟಿಗೆ ಸೇರಿಸುವವರು ವಿರಳ. ಒಂದು ಮಳೆಗಾಲದ ರಾತ್ರಿ ನಾನು ಕರ್ತವ್ಯದಲ್ಲಿದ್ದಾಗ ತೊಡೆಯ ಮೂಳೆ ಮುರಿದಿದ್ದ ಅಜ್ಜಿಯೊಬ್ಬರನ್ನು ಹೊತ್ತು ತಂದರು. ಗೋಡೆಯು ವರ್ಷದ ಹಿಂದೆಯೇ ಬಿರುಕು ಬಿಟ್ಟಿತ್ತೆಂದು ಮನೆಯವರೇ ಹೇಳಿದರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಪ್ರದೇಶದಲ್ಲಿ ಭೂಕಂಪವಾಗಿ 7,500ಕ್ಕೂ ಹೆಚ್ಚು ಜನ ಮಡಿದರು. ಕಂಪನವು ಮಧ್ಯಮ ಪ್ರಮಾಣದ್ದೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ನಿದ್ರಿಸುತ್ತಿದ್ದವರ ಮೇಲೆ ಕುಸಿದವು. ನಮ್ಮ ಉತ್ತರ ಕರ್ನಾಟಕದ ಹಳೆಯ ಪೇಟೆಗಳಲ್ಲಿ ಇಂತಹ ಮಾಳಿಗೆಗಳು ಇಂದಿಗೂ ಇವೆ. ಸೋರುವುದೆಂದು ಮೇಲೆ ಮೇಲೆ ಮಣ್ಣು ಹಾಕುತ್ತ ಹೋದರೆ ಭಾರ ಬೆಳೆಯುತ್ತದೆ. ಹಳೆಯ ಮಣ್ಣನ್ನು ತೆಗೆದ ಬಳಿಕವೇ ಹೊಸದನ್ನು ಹರಡತಕ್ಕದ್ದು.

ಎಲ್ಲ ಬಿರುಕುಗಳೂ ಅಪಾಯಕಾರಿಯಲ್ಲ. ಗಿಲಾವಿನ ಕೂದಲೆಳೆಯಂತಹ ಬಿರುಕಿಗೆ ಅಂಜಬೇಕಾದುದಿಲ್ಲ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿರುವ ಬಿರುಕನ್ನು ಮಾತ್ರ ಉಪೇಕ್ಷಿಸಕೂಡದು. ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗಳನ್ನು ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಚಲಿಸುತ್ತಿದೆಯೆಂದು ತಿಳಿಯಬೇಕು. ಮರದ ತೊಲೆಯು ಗೋಡೆಯೊಳಗೆ ಹುದುಗಿರುವ ತುದಿಯಲ್ಲೇ ಮೊದಲು ಕೊಳೆಯುವುದರಿಂದ ಅಲ್ಲಿ ಚುಚ್ಚಿ ನೋಡುವುದು ಲೇಸು. ಕಾಂಕ್ರೀಟಿನ ಮನೆಗಳಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಛಾವಣಿಯಲ್ಲಿ ಕಂದು ಕಲೆ ಕಂಡಲ್ಲಿ ಸುಣ್ಣ ಬಳಿದು ಮುಚ್ಚುವುದು, ಹುಣ್ಣಿನ ಮೇಲೆ ಪೌಡರು ಹಚ್ಚಿದಂತೆಯೇ ಸರಿ. ಸಾವಿರ ಲೀಟರಿನ ನೀರಿನ ತೊಟ್ಟಿಯ ತೂಕ ಒಂದು ಟನ್ನು ಎಂಬುದನ್ನೂ ಗಮನಿಸಿರಿ.

ಬೆಂಗಳೂರಿನ ಲಕ್ಕಸಂದ್ರದಲ್ಲಿ 2021ರ ಸೆಪ್ಟೆಂಬರ್ 27ರಂದು ಹಳೆಯ ಬಹುಮಹಡಿ ಕಟ್ಟಡವೊಂದು ಕುಸಿಯಿತು. ಅದು ವಾಲಿರುವುದನ್ನು ಕಂಡು ನಿವಾಸಿಗಳು ಮೊದಲೇ ಹೊರಬಂದಿದ್ದುದರಿಂದ ಪ್ರಾಣಹಾನಿಯಾಗಲಿಲ್ಲ. ಬಾಡಿಗೆಯ ಮನೆಯಾದರೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿರಿ. ಅವರು ಗಮನಿಸದಿದ್ದಲ್ಲಿ ಪುರಸಭೆಗೆ ಅರ್ಜಿ ಕೊಡಬಹುದು. ದುರಸ್ತಿಗೆ ಹಣವಿಲ್ಲದವರ ಕಷ್ಟವನ್ನು ನಾನು ಬಲ್ಲೆನು. ಮಕ್ಕಳ, ವೃದ್ಧರ, ಬಾಣಂತಿಯರ ಹಾಸಿಗೆಯನ್ನು ಒದ್ದೆಯಾದ ಗೋಡೆಯಿಂದ ದೂರಕ್ಕೆ ಸರಿಸಲು ಮಾತ್ರ ಹಣ ಬೇಕಾಗಿಲ್ಲ.

ಗೋಡೆ ಬಿದ್ದೇಬಿಟ್ಟರೆ 108ಕ್ಕೆ ಕರೆ ಮಾಡಿ, ಸಿಲುಕಿದವರ ಮುಖ ಮತ್ತು ಎದೆಯ ಮೇಲಿನ ಮಣ್ಣನ್ನು ಮೊದಲು ತೆಗೆಯಿರಿ. ಗೋಡೆ ಬಿದ್ದ ವೇಳೆಯನ್ನು ಗುರುತಿಟ್ಟುಕೊಳ್ಳಿರಿ. ಕೈಕಾಲುಗಳು ಗಂಟೆಗಟ್ಟಲೆ ಅದುಮಲ್ಪಟ್ಟಿದ್ದರೆ, ಭಾರ ತೆಗೆದೊಡನೆ ಜಜ್ಜಿದ ಸ್ನಾಯುಗಳೊಳಗಿನ ವಸ್ತುಗಳು ರಕ್ತಕ್ಕೆ ಸೇರಿ ಹೃದಯಕ್ಕೂ ಮೂತ್ರಪಿಂಡಕ್ಕೂ ಅಪಾಯವೊದಗುತ್ತದೆ. ಆದುದರಿಂದ ಹೊರತೆಗೆದ ವ್ಯಕ್ತಿಯು ಚೆನ್ನಾಗಿ ಮಾತನಾಡುತ್ತಿದ್ದರೂ ಮನೆಯಲ್ಲಿ ಉಳಿಸಿಕೊಳ್ಳದೆ ತಕ್ಷಣ ಆಸ್ಪತ್ರೆಗೆ ಕರೆತಂದು, ಎಷ್ಟು ಹೊತ್ತು ಸಿಲುಕಿದ್ದರೆಂಬುದನ್ನು ವೈದ್ಯರಿಗೆ ತಿಳಿಸಿರಿ.