ತಿರುಪಿನ ಎಳೆ

1904ನೆಯ ಇಸವಿಯ ಫೆಬ್ರವರಿ 7, ಭಾನುವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಬಾಲ್ಟಿಮೋರ್ ನಗರದ ಒಂದು ಜವಳಿ ಮಳಿಗೆಯಲ್ಲಿ ಬೆಳಗಿನ ಹೊತ್ತು ಬೆಂಕಿ ಕಾಣಿಸಿಕೊಂಡಿತು. ಗಾಳಿಯ ನೆರವು ದೊರೆತು ಅದು ಕಟ್ಟಡದಿಂದ ಕಟ್ಟಡಕ್ಕೆ ಹಬ್ಬಿತು. ಊರಿನ ಅಗ್ನಿಶಾಮಕ ದಳಕ್ಕೆ ಅದನ್ನು ತಡೆಯುವುದು ಅಸಾಧ್ಯವಾಯಿತು. ಸುದ್ದಿ ತಿಳಿದೊಡನೆ ವಾಷಿಂಗ್ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್ ಮೊದಲಾದ ನಗರಗಳಿಂದ ನೀರೆತ್ತುವ ಯಂತ್ರಗಳೂ ನುರಿತ ಭಟರೂ ಧಾವಿಸಿ ಬಂದರು. ಯಂತ್ರಗಳಿದ್ದವು, ಜನರಿದ್ದರು, ಬೀದಿಯ ನಲ್ಲಿಗಳಲ್ಲಿ ನೀರೂ ಇತ್ತು. ಆದರೆ ಹೊರಗಿನಿಂದ ಬಂದ ಹಲವು ಕೊಳವೆಗಳ ತುದಿಗಳು ಆ ನಲ್ಲಿಗಳಿಗೆ ಹೊಂದಲಿಲ್ಲ. ಎರಡರ ಮೇಲೂ ತಿರುಪಿನ ಎಳೆಗಳಿದ್ದವು, ನಿಜ. ಆದರೆ ಒಂದರ ಎಳೆಯ ಅಳತೆ ಒಂದು, ಇನ್ನೊಂದರ ಅಳತೆ ಮತ್ತೊಂದು. ಬಂದವರು ಜೋಡಣೆಗಳಿಗೆ ಬಟ್ಟೆ ಸುತ್ತಿ ನೀರು ಹಿಡಿಯಲೆತ್ನಿಸಿದರು. ಆದರೂ ನೀರು ಬೀದಿಗೆ ಚಿಮ್ಮಿತು. ಸುಮಾರು 30 ಗಂಟೆಗಳ ಕಾಲ ಉರಿದ ಆ ಬೆಂಕಿಗೆ 1,500ಕ್ಕೂ ಹೆಚ್ಚು ಕಟ್ಟಡಗಳು ಆಹುತಿಯಾದವು.

ಕೂದಲೆಳೆಯಷ್ಟು ವ್ಯತ್ಯಾಸವೂ ಸಹಿಸದ ಈ ಎಳೆ ಎಂದರೇನು? ಒಂದು ಕಾಗದವನ್ನು ಲಂಬಕೋನ ತ್ರಿಭುಜದ ಆಕಾರಕ್ಕೆ ಕತ್ತರಿಸಿ, ಅದರ ನೇರ ಅಂಚನ್ನು ಪೆನ್ಸಿಲಿಗೆ ಹೊಂದಿಸಿ ಸುತ್ತಿದರೆ ಉತ್ತರ ದೊರೆಯುತ್ತದೆ. ಕಾಗದದ ಓರೆಯಾದ ಅಂಚು ಪೆನ್ಸಿಲಿನ ಸುತ್ತ ಸುರುಳಿಯಾಗಿ ಏರಿಹೋಗುವುದು ಕಾಣುತ್ತದೆ. ತಿರುಪು ಎಂಬುದು ಒಂದು ಕಂಬಿಯ ಸುತ್ತ ಸುತ್ತಿದ ಇಳಿಜಾರಲ್ಲದೆ ಬೇರೆಯಲ್ಲ. ಬೆಟ್ಟವನ್ನು ನೆಟ್ಟಗೆ ಹತ್ತಲಾರದ ಗಾಡಿ ಸುತ್ತುದಾರಿಯಲ್ಲಿ ಸುಲಭವಾಗಿ ಏರುವಂತೆ, ತಿರುಪಿನಲ್ಲಿಯೂ ಸಣ್ಣ ಬಲವು ದೂರ ನಡೆದು ದೊಡ್ಡ ಕೆಲಸವನ್ನು ಸಾಧಿಸುತ್ತದೆ.

ಕಂಬಿಯ ಹೊರಮೈ ಮೇಲಿರುವುದು ಹೊರ ಎಳೆ. ನಟ್ಟಿನ ತೂತಿನೊಳಗಿರುವುದು ಒಳ ಎಳೆ. ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರವೇ ಎಳೆಯ ಅಂತರ. ಒಂಟಿ ಎಳೆಯ ತಿರುಪು ಒಂದು ಪೂರ್ಣ ಸುತ್ತಿಗೆ ಒಂದು ಅಂತರದಷ್ಟು ಮುಂದೆ ಸಾಗುತ್ತದೆ. ವ್ಯಾಸ, ಅಂತರ, ಏಣಿನ ಕೋನ, ಸುತ್ತಿನ ದಿಕ್ಕು ಇವೆಲ್ಲವೂ ಹೊಂದಿದಾಗ ಮಾತ್ರ ಬೋಲ್ಟು ನಟ್ಟುಗಳು ಸರಿಯಾಗಿ ಒಂದಾಗುತ್ತವೆ.

ಎಳೆಗಳ ಆಕಾರವು ಅವು ಮಾಡಬೇಕಾದ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡು ವಸ್ತುಗಳನ್ನು ಬಿಗಿಯಲು ತ್ರಿಕೋನಾಕಾರದ ಎಳೆ ಯೋಗ್ಯವಾದುದು. ಅದರ ಓರೆಯಾದ ಬದಿಗಳಲ್ಲಿ ಘರ್ಷಣೆ ಹೆಚ್ಚು. ಆದುದರಿಂದ ಬಿಗಿದ ನಟ್ಟು ತಾನಾಗಿ ಸಡಿಲುವುದು ಕಡಿಮೆ. ಬಿಗಿಯುವುದಕ್ಕಲ್ಲದೆ ಭಾರವನ್ನು ಸರಿಸುವುದಕ್ಕೆ ತಿರುಪು ಬೇಕಾದಾಗ ಘರ್ಷಣೆ ಕಡಿಮೆ ಇರಬೇಕು. ಅಲ್ಲಿ ಚೌಕ ಎಳೆ ಬಳಕೆಗೆ ಬರುತ್ತದೆ. ಭಾರವೆತ್ತುವ ಜಾಕಿಯಲ್ಲಿ ಇದನ್ನು ಕಾಣಬಹುದು. ತಿರುಪಿನ ಹಿಡಿಕೆಯುಳ್ಳ ಶ್ಯಾವಿಗೆ ಒರಳು ಹಿಟ್ಟನ್ನು ಒತ್ತುವುದೂ ಇದೇ ತತ್ತ್ವದಿಂದ. ಚೌಕ ಎಳೆಯನ್ನು ಕೊರೆಯುವುದು ಕಷ್ಟ. ಅದರ ಬುಡವೂ ಕಿರಿದು. ಬುಡ ಅಗಲವಾಗಿ ತುದಿ ಕಿರಿದಾಗಿರುವ ಎಳೆ ಈ ಎರಡು ಕೊರತೆಗಳನ್ನೂ ನೀಗುತ್ತದೆ. ಲೇತ್ ಯಂತ್ರಗಳ ಮುಖ್ಯ ತಿರುಪು ಸಾಮಾನ್ಯವಾಗಿ ಈ ಬಗೆಯದು. ಒತ್ತಡವು ಒಂದೇ ಕಡೆಯಿಂದ ಬರುವಲ್ಲಿ ಒಂದು ಬದಿ ನೆಟ್ಟಗೂ ಮತ್ತೊಂದು ಬದಿ ಓರೆಯಾಗಿಯೂ ಇರುವ ಎಳೆ ಉಂಟು. ಧೂಳು, ಪೆಟ್ಟುಗಳಿಗೆ ಜಗ್ಗದ ದುಂಡು ಎಳೆಯೂ ಉಂಟು.

ಸಾಮಾನ್ಯವಾಗಿ ತಿರುಪನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಿದರೆ ಬಿಗಿಯುತ್ತದೆ. ಇದು ಬಲ ಎಳೆ. ಇದಕ್ಕೆ ವಿರುದ್ಧವಾದುದು ಎಡ ಎಳೆ. ಬೆಸುಗೆಯ ಕೆಲಸದಲ್ಲಿ ಆಮ್ಲಜನಕದ ಜೋಡಣೆಗೆ ಬಲ ಎಳೆಯನ್ನೂ, ಉರಿಯುವ ಅಸಿಟಿಲೀನ್ ಅನಿಲದ ಜೋಡಣೆಗೆ ಎಡ ಎಳೆಯನ್ನೂ ಇಟ್ಟಿರುತ್ತಾರೆ. ಕೆಲಸಗಾರನು ಮರೆತು ಒಂದರ ಕೊಳವೆಯನ್ನು ಇನ್ನೊಂದಕ್ಕೆ ಸೇರಿಸಲು ಹೊರಟರೂ ಅದು ಸೇರುವುದಿಲ್ಲ. ಬಾಲ್ಟಿಮೋರಿನಲ್ಲಿ ಹೊಂದದ ಎಳೆ ಊರನ್ನು ಸುಟ್ಟಿತು. ಇಲ್ಲಿ ಹೊಂದದ ಎಳೆಯೇ ಪ್ರಾಣವನ್ನು ಕಾಯುತ್ತದೆ.

ಎಳೆಗಳನ್ನು ಮಾಡುವ ವಿಧಾನಗಳು ಹಲವು. ಕೈಕೆಲಸದಲ್ಲಿ ಒಳ ಎಳೆಗೆ ಟ್ಯಾಪ್, ಹೊರ ಎಳೆಗೆ ಡೈ ಎಂಬ ಉಪಕರಣಗಳು ಬೇಕು. 10 ಮಿಲಿಮೀಟರ್ ವ್ಯಾಸದ, 1.5 ಮಿಲಿಮೀಟರ್ ಅಂತರದ ಬೋಲ್ಟಿಗೆ ಒಳ ಎಳೆ ಬೇಕಾದರೆ ಮೊದಲು 8.5 ಮಿಲಿಮೀಟರ್ ತೂತು ಕೊರೆಯಬೇಕು. ಉಳಿದ ಲೋಹದಲ್ಲಿಯೇ ಎಳೆ ಮೂಡಬೇಕು. ಟ್ಯಾಪನ್ನು ನೇರವಾಗಿ ನಿಲ್ಲಿಸಿ, ಎಣ್ಣೆ ಹಾಕಿ, ಸ್ವಲ್ಪ ಮುಂದಕ್ಕೆ ತಿರುಗಿಸಿ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗೆ ಮಾಡಿದರೆ ಒಳಗಿನ ಚೂರುಗಳು ಮುರಿದು ಬೀಳುತ್ತವೆ. ಅವಸರಪಟ್ಟವನ ಟ್ಯಾಪು ತೂತಿನಲ್ಲಿಯೇ ಮುರಿದು ಉಳಿಯುತ್ತದೆ.

ಲೇತ್ ಯಂತ್ರದಲ್ಲಿ ಎಳೆ ಕೊರೆಯುವ ಕ್ರಮವನ್ನು ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ 1800ರ ಸುಮಾರಿನಲ್ಲಿ ಪರಿಪೂರ್ಣಗೊಳಿಸಿದನು. ಅವನ ಯಂತ್ರದಲ್ಲಿ ಕಂಬಿಯು ತಿರುಗುವಾಗ ಮುಖ್ಯ ತಿರುಪೂ ಹಲ್ಲಿನ ಚಕ್ರಗಳ ಮೂಲಕ ತಿರುಗಿ ಉಳಿಯನ್ನು ಮುಂದೊಯ್ಯುತ್ತದೆ. ಮುಖ್ಯ ತಿರುಪಿನ ಅಂತರ 6 ಮಿಲಿಮೀಟರ್ ಎಂದೂ, ಬೇಕಾದ ಎಳೆಯ ಅಂತರ 1.5 ಮಿಲಿಮೀಟರ್ ಎಂದೂ ಇಟ್ಟುಕೊಂಡರೆ, ಕಂಬಿ ನಾಲ್ಕು ಸುತ್ತು ತಿರುಗುವಾಗ ಮುಖ್ಯ ತಿರುಪು ಒಂದು ಸುತ್ತು ತಿರುಗಬೇಕು. ಕಂಬಿಯ ಕಡೆಗೆ 20 ಹಲ್ಲಿನ ಚಕ್ರ, ತಿರುಪಿನ ಕಡೆಗೆ 80 ಹಲ್ಲಿನ ಚಕ್ರ ಜೋಡಿಸಿದರೆ ಕೆಲಸವಾಯಿತು. ಚಕ್ರಗಳನ್ನು ಬದಲಿಸಿ ಬೇಕಾದ ಅಂತರದ ಎಳೆಗಳನ್ನು ಪಡೆಯಬಹುದು.

ಲಕ್ಷಗಟ್ಟಲೆ ಬೋಲ್ಟುಗಳು ಬೇಕಾದಲ್ಲಿ ಕೊರೆಯುವ ಬದಲು ಉರುಳಿಸುವ ಕ್ರಮವಿದೆ. ಗಡುಸಾದ ಎರಡು ಅಚ್ಚುಗಳ ನಡುವೆ ಕಂಬಿಯನ್ನು ಒತ್ತಿ ಉರುಳಿಸಿದಾಗ ಲೋಹವು ತಗ್ಗಿನಿಂದ ಸರಿದು ಏಣಾಗಿ ಏಳುತ್ತದೆ. ಚೂರೂ ವ್ಯರ್ಥವಾಗದು, ಲೋಹದ ಒಳರಚನೆ ತುಂಡಾಗದಿರುವುದರಿಂದ ಎಳೆ ಹೆಚ್ಚು ಬಲವಾಗಿರುತ್ತದೆ.

ಯಂತ್ರ ಬಂದರೂ ಗೊಂದಲ ತೀರಲಿಲ್ಲ. ಒಂದೊಂದು ಕಾರ್ಖಾನೆಯೂ ತನಗೆ ತೋಚಿದ ಅಳತೆಯ ಎಳೆ ಕೊರೆಯುತ್ತಿತ್ತು. ಮಾಡ್ಸ್ಲೆಯ ಬಳಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ತೆಗೆದನು. ಏಣಿನ ಕೋನ 55 ಡಿಗ್ರಿ ಇರಬೇಕೆಂದೂ, ಪ್ರತಿಯೊಂದು ವ್ಯಾಸಕ್ಕೂ ಅಂಗುಲಕ್ಕೆ ಇಂತಿಷ್ಟೇ ಎಳೆ ಇರಬೇಕೆಂದೂ 1841ರಲ್ಲಿ ಸೂಚಿಸಿದನು. ಬ್ರಿಟನ್ ಕ್ರಮೇಣ ಅದನ್ನು ಒಪ್ಪಿತು. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ, ಮಾಡಲು ಸುಲಭವಾದ 60 ಡಿಗ್ರಿಯ ಎಳೆಯನ್ನು ಮುಂದಿಟ್ಟನು. ಅರ್ಧ ಅಂಗುಲದ ಬೋಲ್ಟಿಗೆ ವಿಟ್‌ವರ್ತನ ಲೆಕ್ಕದಲ್ಲಿ ಅಂಗುಲಕ್ಕೆ 12 ಎಳೆ. ಸೆಲ್ಲರ್ಸನ ಲೆಕ್ಕದಲ್ಲಿ 13. ಈ ಒಂದು ಎಳೆಯ ಅಂತರ ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳನ್ನು ಕಾಡಿತು. ಜೊತೆಯಲ್ಲಿ ಹೋರಾಡಿದವರ ಯಂತ್ರಗಳಿಗೆ ಪರಸ್ಪರರ ಬೋಲ್ಟುಗಳು ಒದಗಲಿಲ್ಲ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ದೇಶಗಳು ಒಂದೇ ಎಳೆಗೆ ಒಪ್ಪಿ ಸಹಿ ಹಾಕಿದವು. 1947ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮೊದಲನೆಯ ಸಂಖ್ಯೆಯ ತಾಂತ್ರಿಕ ಸಮಿತಿಯ ವಿಷಯವೂ ತಿರುಪಿನ ಎಳೆಯೇ. ಭಾರತವು 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿದ ಮೇಲೆ ಇಲ್ಲಿಯೂ 60 ಡಿಗ್ರಿಯ ಮೆಟ್ರಿಕ್ ಎಳೆ ನೆಲೆಗೊಂಡಿತು. ಆದರೂ ನೀರಿನ ಕೊಳವೆಗಳ ಜೋಡಣೆಯಲ್ಲಿ ವಿಟ್‌ವರ್ತನ 55 ಡಿಗ್ರಿ ಇಂದಿಗೂ ಉಳಿದಿದೆ.

ಬಾಲ್ಟಿಮೋರಿನ ಅನಾಹುತದ ಮರುವರ್ಷವೇ, 1905ರಲ್ಲಿ, ಅಗ್ನಿಶಾಮಕ ಕೊಳವೆಗಳಿಗೆ ಅಮೆರಿಕದಲ್ಲಿ ಒಂದು ಮಾನಕವನ್ನು ಗೊತ್ತುಮಾಡಲಾಯಿತು. ಆದರೆ ಹಳೆಯ ನಲ್ಲಿಗಳನ್ನು ಬದಲಿಸುವ ವೆಚ್ಚಕ್ಕೆ ಹಿಂಜರಿದ ಊರುಗಳೇ ಬಹಳ. ನೂರು ವರ್ಷ ಕಳೆದರೂ ಆ ದೇಶದ ಅನೇಕ ದೊಡ್ಡ ನಗರಗಳು ಆ ಎಳೆಗೆ ಬಂದಿರಲಿಲ್ಲ. ಉಕ್ಕಿನಲ್ಲಿ ಎಳೆ ಕೊರೆಯುವ ವಿದ್ಯೆಯನ್ನು ಮನುಷ್ಯನು ಬೇಗ ಕಲಿತನು. ಎಲ್ಲರೂ ಒಂದೇ ಎಳೆಗೆ ಒಪ್ಪುವ ವಿದ್ಯೆಯನ್ನು ಇನ್ನೂ ಕಲಿಯುತ್ತಿದ್ದಾನೆ.

ಅಭ್ಯಾಸ

ಪದಗಳ ಅರ್ಥ: ಏಣು – ಉಬ್ಬಿದ ಅಂಚು, ಮಾನಕ – ಎಲ್ಲರೂ ಒಪ್ಪಿದ ಅಳತೆ, ಆಹುತಿಯಾಗು – ನಾಶವಾಗು.

1. ತಿರುಪನ್ನು ‘ಸುತ್ತಿದ ಇಳಿಜಾರು’ ಎಂದು ಕರೆದಿರುವುದೇಕೆ?
2. ಬಿಗಿಯುವ ತಿರುಪಿಗೂ ಭಾರವನ್ನು ಸರಿಸುವ ತಿರುಪಿಗೂ ಎಳೆಯ ಆಕಾರ ಬೇರೆ ಇರಬೇಕಾದುದೇಕೆ?
3. ಮುಖ್ಯ ತಿರುಪಿನ ಅಂತರ 6 ಮಿಲಿಮೀಟರ್ ಇರುವ ಲೇತಿನಲ್ಲಿ 2 ಮಿಲಿಮೀಟರ್ ಅಂತರದ ಎಳೆ ಕೊರೆಯಲು ಚಕ್ರಗಳ ಹಲ್ಲುಗಳ ಪ್ರಮಾಣ ಎಷ್ಟಿರಬೇಕು?
4. ‘ಹೊಂದದ ಎಳೆಯೇ ಪ್ರಾಣವನ್ನು ಕಾಯುತ್ತದೆ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.