ಆರ್ಚ್‌ಬಿಷಪ್ ರೊಮೆರೊ

ಚಿಕ್ಕ ಪದವಿಯಲ್ಲಿ ನಿರ್ಭಯವಾಗಿ ನುಡಿದವರು ದೊಡ್ಡ ಪದವಿಗೇರಿದ ಮೇಲೆ ಅಳೆದು ತೂಗಿ ಮಾತನಾಡುವುದು ಲೋಕರೂಢಿ. ಈ ರೂಢಿಗೆ ವಿರುದ್ಧವಾಗಿ ನಡೆದವರು ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಓಸ್ಕರ್ ರೊಮೆರೊ ಅವರು.

ರೊಮೆರೊ 1917ರ ಆಗಸ್ಟ್ 15ರಂದು ಸಿಯುದಾದ್ ಬಾರಿಯೋಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ತಂತಿ ಕಛೇರಿಯ ನೌಕರರು. ಬಾಲ್ಯದಲ್ಲಿ ಕೆಲಕಾಲ ಬಡಗಿ ಕೆಲಸ ಕಲಿತ ರೊಮೆರೊ ಪಾದ್ರಿಯಾಗುವ ಹಂಬಲದಿಂದ ಸೆಮಿನರಿಯನ್ನು ಸೇರಿ, ರೋಮಿನಲ್ಲಿ ವ್ಯಾಸಂಗ ಮಾಡಿ, 1942ರಲ್ಲಿ ದೀಕ್ಷೆ ಪಡೆದರು. ಸ್ವದೇಶಕ್ಕೆ ಮರಳಿ ಸ್ಯಾನ್ ಮಿಗೆಲ್ ನಗರದಲ್ಲಿ 20 ವರ್ಷಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದರು. 1970ರಲ್ಲಿ ರಾಜಧಾನಿಯ ಸಹಾಯಕ ಬಿಷಪ್, 1974ರಲ್ಲಿ ಸಾಂಟಿಯಾಗೊ ದೆ ಮಾರಿಯಾದ ಬಿಷಪ್ ಆದರು.

ಆ ದೇಶದ ಕಾಫಿ ತೋಟಗಳೂ ಫಲವತ್ತಾದ ನೆಲವೂ ಕೆಲವೇ ಮನೆತನಗಳ ಕೈಯಲ್ಲಿದ್ದವು. ಕೂಲಿಯನ್ನೋ ಭೂಮಿಯನ್ನೋ ಕೇಳಿದ ರೈತರನ್ನು ಸೈನಿಕ ಸರಕಾರವು ಬಂದೂಕಿನಿಂದ ಅಡಗಿಸುತ್ತಿತ್ತು. 1975ರಲ್ಲಿ ರೊಮೆರೊ ಅವರ ವ್ಯಾಪ್ತಿಯ ತ್ರೆಸ್ ಕಾಯೆಸ್ ಗ್ರಾಮದಲ್ಲಿ ರೈತರ ಕೊಲೆಯಾಯಿತು. ಅವರು ನೊಂದವರನ್ನು ಸಂತೈಸಿದರು. ಆದರೆ ಬಹಿರಂಗವಾಗಿ ಖಂಡಿಸದೆ ಅಧ್ಯಕ್ಷರಿಗೆ ಖಾಸಗಿಯಾಗಿ ಪತ್ರ ಬರೆದರು. ಇಂತಹ ಸಾಧು ಸ್ವಭಾವದವರೆಂದೇ 1977ರ ಫೆಬ್ರವರಿಯಲ್ಲಿ ಅವರು ಆರ್ಚ್‌ಬಿಷಪ್ ಆದಾಗ ಸಿರಿವಂತರು ಸಂತೋಷಪಟ್ಟರು.

ಮಾರ್ಚ್ 12ರಂದು, ರೈತರ ನಡುವೆ ದುಡಿಯುತ್ತಿದ್ದ ಅವರ ಗೆಳೆಯ ಪಾದ್ರಿ ರುತೀಲಿಯೊ ಗ್ರಾಂದೆ ಗುಂಡಿಗೆ ಬಲಿಯಾದರು. ಜೊತೆಯಲ್ಲಿದ್ದ ಒಬ್ಬ ಮುದುಕನೂ ಒಬ್ಬ ಹುಡುಗನೂ ಸತ್ತರು. ಆ ಶವಗಳ ಮುಂದೆ ನಿಂತ ರೊಮೆರೊ ಬೇರೆ ಮನುಷ್ಯರಾದರು. ಕೊಲೆಯ ವಿಚಾರಣೆಯಾಗುವವರೆಗೆ ಸರಕಾರಿ ಸಮಾರಂಭಗಳಿಗೆ ಹೋಗುವುದಿಲ್ಲವೆಂದು ಸಾರಿದರು. ಪ್ರತಿ ಭಾನುವಾರ ತಮ್ಮ ಉಪದೇಶದಲ್ಲಿ, ಆ ವಾರ ಸತ್ತವರ ಮತ್ತು ಕಾಣೆಯಾದವರ ವಿವರಗಳನ್ನು ಓದಿ ಹೇಳಿದರು. ಚರ್ಚಿನ ರೇಡಿಯೊ ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಿತು; ವೈರಿಗಳು ಆ ರೇಡಿಯೊ ಕೇಂದ್ರಕ್ಕೇ ಬಾಂಬಿಟ್ಟರು. 1980ರ ಫೆಬ್ರವರಿಯಲ್ಲಿ, ಸೈನ್ಯಕ್ಕೆ ನೆರವು ಕೊಡಬೇಡಿರೆಂದು ಅವರು ಅಮೆರಿಕದ ಅಧ್ಯಕ್ಷ ಕಾರ್ಟರರಿಗೆ ಪತ್ರ ಬರೆದರು.

ಅದೇ ವರ್ಷದ ಮಾರ್ಚ್ 23ರಂದು, ನಿಮ್ಮ ಸೋದರರನ್ನೇ ಕೊಲ್ಲೆಂಬ ಅಪ್ಪಣೆಯನ್ನು ಪಾಲಿಸಬೇಕಾಗಿಲ್ಲವೆಂದು ಸೈನಿಕರಿಗೇ ನೇರವಾಗಿ ಹೇಳಿದರು. ಮರುದಿನ ಸಂಜೆ ಆಸ್ಪತ್ರೆಯೊಂದರ ಪ್ರಾರ್ಥನಾಮಂದಿರದಲ್ಲಿ ಪೂಜೆ ಸಲ್ಲಿಸುತ್ತಿದ್ದಾಗ ಗುಂಡು ಎದೆಗೆ ತಗುಲಿತು. ಕೊಲೆಗೆ ಅಪ್ಪಣೆಯಿತ್ತವನು ಮಾಜಿ ಮೇಜರ್ ರೊಬೆರ್ತೊ ದೊಬ್ಯುಸೋನ್ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗವು 1993ರಲ್ಲಿ ತಿಳಿಸಿತು. 2018ರಲ್ಲಿ ಚರ್ಚು ರೊಮೆರೊ ಅವರನ್ನು ಸಂತರೆಂದು ಸಾರಿತು.

1975ರಲ್ಲಿ ಅವರು ಕಂಡದ್ದೂ 1977ರಲ್ಲಿ ಕಂಡದ್ದೂ ಒಂದೇ ಅನ್ಯಾಯ. ಮೊದಲು ಅದನ್ನು ಆಳುವವರ ಕಿವಿಯಲ್ಲಿ ಹೇಳಿದರು. ಆಮೇಲೆ ಎಲ್ಲರೂ ಕೇಳುವಂತೆ ಹೇಳಿದರು. ಈ ಎರಡರ ನಡುವಿನ ದಾರಿ ಚಿಕ್ಕದೆಂದು ತೋರಬಹುದು. ಅದನ್ನು ನಡೆದುದಕ್ಕೆ ಅವರು ಪ್ರಾಣವನ್ನೇ ತೆತ್ತರು. ಸತ್ಯವನ್ನು ಅರಿತರೆ ಸಾಲದು, ಅದನ್ನು ಎಲ್ಲಿ ನಿಂತು ನುಡಿಯುತ್ತೇವೆ ಎಂಬುದೂ ಮುಖ್ಯವೆಂದು ವಿದ್ಯಾರ್ಥಿಗಳಾದ ನಾವು ಈ ಜೀವನದಿಂದ ಕಲಿಯಬಹುದು.