ವಕಾಲತ್ತೂ ಕರಾರು ಪತ್ರವೂ

ಬಾಗಲಕೋಟೆ, ಬಾದಾಮಿ, ಹುನಗುಂದದಂಥ ಊರುಗಳಲ್ಲಿ ಒಬ್ಬರೇ ಕುಳಿತು ವಕೀಲಿ ನಡೆಸುವವರನ್ನು ವಾಚಕರೆಲ್ಲರೂ ಕಂಡಿರಬಹುದು. ಒಂದು ಕೋಣೆ, ಒಂದು ಮೇಜು, ಕಾಗದದ ಕಟ್ಟುಗಳು, ಒಬ್ಬ ಕಾರಕೂನ, ಇಷ್ಟೇ ಸಂಸಾರ. ಹುನಗುಂದದಲ್ಲಿರುವ ನನ್ನ ಸೋದರಮಾವನವರ ಕಚೇರಿಯೂ ಇಂಥದೇ. ಹೋದ ರಜೆಯಲ್ಲಿ ಅಲ್ಲಿ ಕಡತ ಜೋಡಿಸುತ್ತ ನಾನು ತಿಳಿದುಕೊಂಡ ಒಂದು ವಿಷಯವನ್ನು, ಮುಂದೆ ಕಾಯದೆ ಓದಬೇಕೆಂದಿರುವ ಗೆಳೆಯರಿಗಾಗಿ ಇಲ್ಲಿ ಬರೆಯುತ್ತೇನೆ.

ವಕಾಲತ್ತಿಗೆ ಸಹಿ ಬಿದ್ದರೆ ವಕೀಲ–ಕಕ್ಷಿದಾರರ ನಡುವೆ ಎಲ್ಲವೂ ಗೊತ್ತಾದಂತೆಯೇ ಎಂದು ನಾನು ತಿಳಿದಿದ್ದೆನು. ಅದು ತಪ್ಪು. ದಿವಾಣಿ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದಂತೆ ಅದು ಕೋರ್ಟಿನಲ್ಲಿ ನಮ್ಮ ಪರವಾಗಿ ನಿಲ್ಲಲು ಕೊಡುವ ಅಧಿಕಾರಪತ್ರ ಮಾತ್ರ. ಫೀ ಎಷ್ಟು, ಅದರಲ್ಲಿ ಅಪೀಲೂ ಸೇರಿದೆಯೋ, ನಕಲಿನ ಖರ್ಚು ಯಾರದು ಎಂಬುದನ್ನು ಸಾಮಾನ್ಯವಾಗಿ ಅದು ಹೇಳುವುದಿಲ್ಲ. ಇಳಕಲ್ಲಿನಿಂದ ಬಂದ ನೇಕಾರರೊಬ್ಬರು ಮಾವನವರನ್ನು ಕೇಳಿದರು: “ಸೀರಿ ನೇಯೋ ಮುಂದ ದಡಿ, ಸೆರಗು, ಮಜೂರಿ ಎಲ್ಲಾ ಮೊದಲ ಮಾತಾಡತೇವ್ರಿ ಸಾಹೇಬ್ರ. ಇಲ್ಲಿ ಯಾಕ ಬ್ಯಾಡ?”

ಈ ಪ್ರಶ್ನೆ ನನಗೆ ನಾಟಿತು, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಮ್ಮ ಅಜ್ಜನವರ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾಯಿತು. ಪರಿಹಾರ ಸಾಲದೆಂದು ತೋರಿದವರು 1894ರ ಭೂಸ್ವಾಧೀನ ಕಾಯದೆಯ 18ನೆಯ ಕಲಮಿನಂತೆ ವಿಷಯವನ್ನು ಕೋರ್ಟಿಗೆ ಒಪ್ಪಿಸಬೇಕೆಂದು ಅರ್ಜಿ ಕೊಡಬಹುದಾಗಿತ್ತು. ಕೈಯಲ್ಲಿ ಹಣವಿರಲಿಲ್ಲ. ವಕೀಲರೊಬ್ಬರು, “ಈಗೇನೂ ಕೊಡಬೇಡಿರಿ, ಹೆಚ್ಚಿಗೆ ಬಂದುದರಲ್ಲಿ ಪಾಲು ಕೊಟ್ಟರಾಯಿತು” ಎಂದರು. ಅಜ್ಜ ಬಾಯಿಮಾತಿನಲ್ಲೇ ಒಪ್ಪಿದರು. ಹಣ ಬಂದಾಗ ಪಾಲು ಬಡ್ಡಿಯನ್ನೂ ಸೇರಿಸಿಯೋ, ಬಿಟ್ಟೋ ಎಂದು ಜಗಳ ಹತ್ತಿತು. ಫೀ ತೀರುವತನಕ ಕಾಗದ ಕೊಡುವುದಿಲ್ಲವೆಂದು ಅವರು ಕುಳಿತರು. ಅಷ್ಟರಲ್ಲಿ ಅಪೀಲಿನ ಅವಧಿ ಮೀರಿಹೋಯಿತು. ಅಜ್ಜನವರ ಬಳಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಆದರೆ ಚೀಟಿ ಇದ್ದಿದ್ದರೂ ಆ ಪಾಲಿನ ಕರಾರು ನಿಲ್ಲುತ್ತಿರಲಿಲ್ಲ! ದಾವೆಯ ಫಲವನ್ನು ಅವಲಂಬಿಸಿ ಫೀ ಗೊತ್ತುಪಡಿಸುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1954ರಲ್ಲಿಯೇ, ‘ಜಿ’ ಎಂಬ ಒಂದೇ ಅಕ್ಷರದಿಂದ ಹೆಸರಿಸಲಾದ ಮುಂಬಯಿಯ ವಕೀಲರೊಬ್ಬರ ಇಂಥ ಕರಾರನ್ನು ಸುಪ್ರೀಂ ಕೋರ್ಟು ವೃತ್ತಿದೋಷವೆಂದಿತು. ಅಪಘಾತ ಪರಿಹಾರದಲ್ಲಿ ಪಾಲಿನ ಲೆಕ್ಕ ಹಿಡಿದು ಚೆಕ್ಕು ಬರೆಸಿಕೊಂಡ ತೆಲಂಗಾಣದ ಪ್ರಕರಣದಲ್ಲಿ 2017ರಲ್ಲಿ ಅದನ್ನೇ ಮತ್ತೆ ಹೇಳಿತು. ಫೀ ಬಾಕಿಯಿದೆಯೆಂದು ಕಕ್ಷಿದಾರನ ಕಾಗದಗಳನ್ನು ಹಿಡಿದಿಡುವ ಹಕ್ಕು ವಕೀಲನಿಗಿಲ್ಲವೆಂದು 2000ದಲ್ಲಿ ತೀರ್ಪಾಗಿದೆ.

ಆದರೂ ಹಣವಿಲ್ಲದ ರೈತನಿಗೆ ಆ ಪಾಲಿನ ಮಾತೇ ಕೋರ್ಟಿನ ಬಾಗಿಲಾಗಿತ್ತೆಂಬುದನ್ನು ನಾನು ಮರೆಯಲಾರೆ. 1987ರ ಕಾನೂನು ಸೇವೆಗಳ ಕಾಯದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ–ಪಂಗಡದವರಿಗೂ, ಕಡಮೆ ಆದಾಯದವರಿಗೂ ಪುಕ್ಕಟೆ ವಕೀಲರು ದೊರೆಯುತ್ತಾರೆ. ನಮ್ಮ ಅಜ್ಜನವರಿಗೆ ಅದನ್ನು ಹೇಳಿದವರಿಲ್ಲ.

ಮಾವನವರ ಕರಾರು ಕನ್ನಡದಲ್ಲಿ ಒಂದೇ ಪುಟದ್ದು. ಯಾವ ಕೋರ್ಟಿನ ಯಾವ ಕೆಲಸ, ಫೀ ಎಷ್ಟು, ದಾವೆ ಹೂಡಿದಾಗ ಎಷ್ಟು, ಸಾಕ್ಷಿಯ ಹೊತ್ತಿಗೆ ಎಷ್ಟು ಎಂದು ಕಂತುಗಳನ್ನು ಬರೆಯುತ್ತಾರೆ. ಕೋರ್ಟು ಫೀ ಮತ್ತು ನಕಲಿನ ಖರ್ಚು ಬೇರೆ. ಅದಕ್ಕೆ ಕೊಟ್ಟ ಹಣಕ್ಕೆ ಪಾವತಿ, ಲೆಕ್ಕ. ನಡುವೆ ಕೆಲಸ ಬಿಡಬೇಕಾದರೆ ಮುಂಚಿತವಾಗಿ ತಿಳಿಸಿ, ಮಾಡದ ಕೆಲಸದ ಫೀ ಹಿಂದಿರುಗಿಸಬೇಕು. ತಾವು ಕಾಯಿಲೆ ಬಿದ್ದರೆ ಆ ದಿನ ಯಾರು ನಿಲ್ಲುವರೆಂಬುದನ್ನೂ ಬರೆಯುತ್ತಾರೆ. ಒಂಟಿ ವಕೀಲರಿಗೆ ಇದು ಬಲು ಮುಖ್ಯ. ಗೆಲ್ಲಿಸಿಕೊಡುವೆನೆಂಬ ಮಾತು ಮಾತ್ರ ಎಲ್ಲಿಯೂ ಇಲ್ಲ.

ಒಂದು ದಿನ ಬಾದಾಮಿ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಮಾವನವರು ಪುಟವನ್ನು ಎರಡು ಸಲ ಓದಿ ಹೇಳಿದರು. ಎಲ್ಲವನ್ನೂ ಕೇಳಿದ ಅಜ್ಜಿ, “ಮುಂದಿನ ತಾರೀಖು ನನ್ನ ಮಗಗ ಫೋನ್ ಮಾಡಿ ಹೇಳತೇನಿ ಅಂತ ಬರದಿಲ್ಲಲ್ಲೋ ಯಪ್ಪಾ” ಎಂದರು. ಮಾವನವರು ಪೆನ್ನು ತೆಗೆದು ಅದನ್ನೂ ಬರೆದರು. ಆಮೇಲೆಯೇ ಅಜ್ಜಿ ಹೆಬ್ಬೆಟ್ಟು ಒತ್ತಿದರು.